ಗುಡವಿಯ ಹಕ್ಕಿ ಉಣ್ಣುವುದು ಊರ ಗದ್ದೆಯಲ್ಲಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ನಿಂತಿರುವ ಕಲ್ಲುಕಂಬವನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಮಯೂರಶರ್ಮನ ಕಥೆ ಕೇಳಿಕೊಂಡು ಬಂದವರು. ಕಂಚಿಗೆ ಓದಲು ಹೋದದ್ದು, ಪಲ್ಲವರ ರಾವುತನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಕದಂಬ ರಾಜ್ಯ ಹುಟ್ಟಿದ್ದು ಎಲ್ಲವೂ ಆ ಕಂಬದ ಮೇಲಿದೆ. ಆದರೆ ಐದನೆಯ ಶತಮಾನದ ಆ ಸಂಸ್ಕೃತ ಶಾಸನ ಹುಟ್ಟಿದ್ದು ಒಂದು ಕೆರೆಯ ನೆಪದಲ್ಲಿ. ಗುಡಿಯ ಬಳಿ ಕಾಕುಸ್ಥವರ್ಮ ಕೆರೆ ಕಟ್ಟಿಸಿದ. ಅದು ಜನರ ನೆನಪಿನಲ್ಲಿ ಉಳಿಯಲೆಂದು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಕಾವ್ಯ ಕಟ್ಟಿ, ತಾನೇ ಕಲ್ಲಿನ ಮೇಲೆ ಬರೆದ. ರಾಜವಂಶದ ಚರಿತ್ರೆಯೆಲ್ಲ ಅಲ್ಲಿ ಕೆರೆಗೆ ಬರೆದ ಪೀಠಿಕೆಯ ಹಾಗೆ ಬಂದುಹೋಗುತ್ತದೆ.

ಶಿಕಾರಿಪುರ, ಸೊರಬ ಸೀಮೆಯ ಒಳಹೊಗಲು ನನಗೆ ಇದಕ್ಕಿಂತ ಒಳ್ಳೆಯ ಬಾಗಿಲು ಕಂಡಿಲ್ಲ. ಇದು ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಚಂದ್ರಗುತ್ತಿಯ ಕಡೆ ಆಷಾಢದಲ್ಲಿ ಹಿಡಿದ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಅದೇ ಮೋಡ ಆನವಟ್ಟಿ ದಾಟಿ ಶಿರಾಳಕೊಪ್ಪದ ಮೇಲೆ ಬರುವಷ್ಟರಲ್ಲಿ ಹನಿ ತೆಳುವಾಗಿರುತ್ತದೆ. ವರದಾ, ದಂಡಾವತಿ, ಕುಮುದ್ವತಿ ಮೂರೂ ಇಲ್ಲಿ ಹರಿಯುತ್ತವೆ, ಮೂರೂ ಮಳೆಗಾಲದ ಹೊಳೆಗಳು. ಸುರಿಯುವಾಗ ಸುರಿದು, ಬೇಕಾದಾಗ ಕೈಕೊಡುವ ನೀರು. ಅದನ್ನು ತಡೆದು ನಿಲ್ಲಿಸದೆ ಇಲ್ಲಿ ಬೇಸಾಯವಿಲ್ಲ. ಹೀಗಾಗಿ ಎರಡು ಏರುಗಳ ನಡುವೆ ಎಲ್ಲೆಲ್ಲಿ ಒಂದು ತಗ್ಗು ಸಿಕ್ಕಿತೋ ಅಲ್ಲೆಲ್ಲ ಮಣ್ಣು ಹೊತ್ತು ಏರಿ ಹಾಕಿದರು. ರಾಜ್ಯದಲ್ಲಿ ಅತಿ ಹೆಚ್ಚು ಕೆರೆಗಳಿರುವ ತಾಲ್ಲೂಕುಗಳನ್ನು ಎಣಿಸಲು ಕೂತರೆ ಸೊರಬದ ಹೆಸರು ಮೊದಲಿಗೇ ಬರುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳಿವೆ. ವೀರಗಲ್ಲು ಮತ್ತು ದಾನಶಾಸನಗಳ ನಡುವೆ ಕೆರೆಗೆ ಬಿಟ್ಟ ಭೂಮಿ, ಕೆರೆಯ ಕೆಳಗಿನ ಗದ್ದೆ, ಕೆರೆಯ ಕೋಡಿಯೇ ಗಡಿಯಾದ ತೋಟಗಳು ಮತ್ತೆ ಮತ್ತೆ ಎದುರಾಗುತ್ತವೆ. ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದ, ಹಸಿದವರಿಗೆ ಊಟ, ರೋಗಿಗಳಿಗೆ ಮದ್ದು ಕೊಡುತ್ತಿದ್ದ ಬಳ್ಳಿಗಾವೆಯ ಕಾಳಾಮುಖರ ಮಠ ಹನ್ನೆರಡನೆಯ ಶತಮಾನದಲ್ಲಿ ಪ್ರಸಿದ್ಧವಾದದ್ದು ಕೋಡಿಮಠವೆಂದೇ.

ಕೆರೆಯೆಂದರೆ ನಮ್ಮ ಕಣ್ಣಿಗೆ ಬರುವುದು ಒಂದು ನೀರಿನ ಹರವು. ಸೊರಬದ ರೈತನಿಗೆ ಅದು ಸಾಲಿನಲ್ಲಿ ಒಂದು. ಮೇಲೆ ಕಾನು, ಅಂದರೆ ಎಂದೂ ಎಲೆ ಉದುರಿ ಬೋಳಾಗದ ದಟ್ಟ ಹಸಿರು ಕಾಡಿನ ತುಂಡು. ಕಾಡುಮೆಣಸಿನ ಬಳ್ಳಿ, ಬಗನಿ ಮರ, ನೆಲದ ಮೇಲೆ ಮೊಣಕಾಲು ಮಟ್ಟದ ತರಗೆಲೆ. ಮಳೆಯನ್ನು ಆ ನೆಲ ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಕಾನಿನ ಬುಡದಲ್ಲಿ ಮೊದಲ ಕೆರೆ. ಅದರ ತೂಬಿನಿಂದ ಇಳಿದ ನೀರು ಗದ್ದೆಗಳನ್ನು ತೋಯಿಸಿ ಬಸಿದು ಎರಡನೆಯ ಕೆರೆಗೆ. ಮೊದಲನೆಯದು ಕೋಡಿ ಬಿದ್ದರೆ ಆ ನೀರೂ ಎರಡನೆಯದಕ್ಕೇ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಹೊಳೆ. ಸೊರಬದ ಕಾನುಗಳು ಎಷ್ಟು ವಿಶೇಷವೆಂದರೆ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಅವುಗಳ ಬಗೆಗೇ ಒಂದು ಪ್ರತ್ಯೇಕ ವರದಿ ಬರೆದರು. ನಮ್ಮ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು ಕಾನಿಗೂ ನೀರಿಗೂ ಇರುವ ನಂಟನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಕಾನು ಕಡಿದರೆ ಕೆರೆ ಬೇಗ ಒಣಗುತ್ತದೆ ಎಂಬುದನ್ನು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಕೆರೆ ಕಟ್ಟುವ ಹುಮ್ಮಸ್ಸೂ ಇಲ್ಲಿತ್ತು. ಶಿಕಾರಿಪುರದ ಗಡಿಗೆ ತಾಗಿದಂತೆ ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ ಮಾಸೂರು ಕೆರೆ ಒಂದು ಕಾಲಕ್ಕೆ ಸಮುದ್ರದಷ್ಟು ಹರಡಿತ್ತು. ಅದು ಒಡೆದು, ಈಗಿರುವುದು ಅದರ ಒಂದು ಪಾಲು. ಅದೇ ಹೊಳೆಗೆ ಮೇಲ್ಭಾಗದಲ್ಲಿ, ಮೈಸೂರು ಸಂಸ್ಥಾನದ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ ಅಂಜನಾಪುರ ಜಲಾಶಯ ಬಂತು. ಇವೆಲ್ಲ ಪ್ರವಾಸಿಗರಿಗೆ ಗೊತ್ತಿರುವ ಹೆಸರುಗಳು. ನಾನಿಲ್ಲಿ ಹೇಳಹೊರಟಿರುವುದು ಸಣ್ಣ ಕೆರೆಗಳ ಮಾತು. ಅದನ್ನು ಹೇಳಲು ಗುಡವಿಗೇ ಹೋಗಬೇಕು.

ಸೊರಬ ಪಟ್ಟಣದಿಂದ ಸುಮಾರು 15 ಕಿಲೋಮೀಟರ್ ದೂರದ ಗುಡವಿ ಕೆರೆಯನ್ನು ಪಕ್ಷಿಧಾಮವೆಂದು ಘೋಷಿಸಿದ್ದು 1989ರಲ್ಲಿ. ವಿಸ್ತಾರ ಮುಕ್ಕಾಲು ಚದರ ಕಿಲೋಮೀಟರಿನಷ್ಟೂ ಇಲ್ಲ. ಕೆರೆಯ ನೀರಿನಲ್ಲೇ ಮರಗಳು ನಿಂತಿವೆ. ಮುಂಗಾರು ಹಿಡಿದು ನೀರು ಆ ಮರಗಳ ನಡು ಮುಟ್ಟಿದ ಮೇಲೆ ಹಕ್ಕಿಗಳು ಗೂಡು ಕಟ್ಟಲು ಶುರುಮಾಡುತ್ತವೆ. ನೀರಿನ ನಡುವಿನ ಮರವೆಂದರೆ ಬೆಕ್ಕು, ನಾಯಿ, ನರಿ ಹತ್ತಿರ ಸುಳಿಯದ ಮನೆ. ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಇಲ್ಲಿ ಗುರುತಿಸಿದ್ದಾರೆ. ಮರ ತುಂಬ ಕಾಣುವುದು ಮಾತ್ರ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿ, ಇರುಳುಬಕ.

ಕೆಂಬರಲನ್ನು ಒಂದಿಷ್ಟು ಹತ್ತಿರದಿಂದ ನೋಡಬೇಕು. ಮೈಯೆಲ್ಲ ಬಿಳುಪು, ತಲೆ ಮತ್ತು ಕತ್ತು ಮಾತ್ರ ಪುಕ್ಕವಿಲ್ಲದ ಕಪ್ಪು ಚರ್ಮ. ಕೊಕ್ಕು ಕುಡುಗೋಲಿನಂತೆ ಬಾಗಿದೆ. ಮರದ ಮೇಲೆ ಗುಂಪಾಗಿ ಕೂತಾಗ ಗೊರಗೊರ ಎಂಬ ಸದ್ದು ಬಿಟ್ಟರೆ ದನಿಯಿಲ್ಲ. ಗೂಡಿನಲ್ಲಿ ಎರಡು ಮೂರು ಮರಿಗಳು. ತಾಯಿಯೋ ತಂದೆಯೋ ಬಂದು ಕೂತ ಗಳಿಗೆಗೆ ಮರಿಗಳು ತಮ್ಮ ತಲೆಯನ್ನು ಅದರ ಬಾಯೊಳಗೇ ತೂರಿಸುತ್ತವೆ. ದೊಡ್ಡ ಹಕ್ಕಿ ಗಂಟಲಿನಿಂದ ತುತ್ತು ಹೊರತಂದು ಉಣಿಸುತ್ತದೆ. ಒಂದು ಮರಿಗೆ ಸಿಕ್ಕಿತೆನ್ನುವಷ್ಟರಲ್ಲಿ ಇನ್ನೊಂದು ಕುತ್ತಿಗೆ ಚಾಚುತ್ತದೆ. ಐದು ನಿಮಿಷದಲ್ಲಿ ಹಕ್ಕಿ ಮತ್ತೆ ಹೊರಡುತ್ತದೆ. ಎಲ್ಲಿಗೆ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಪಕ್ಷಿಧಾಮದ ಬೇಲಿಯ ಆಚೆ ಬರಲೇಬೇಕು. ಹಾವಕ್ಕಿ, ನೀರುಕಾಗೆಗಳು ನೀರಿನಲ್ಲಿ ಮುಳುಗಿ ಮೀನು ಹಿಡಿಯುವವು; ಗುಡವಿಯ ಕೆರೆಯ ಮೀನು ಅಷ್ಟೂ ಬಾಯಿಗೆ ಸಾಲದೆ ಅವು ಸುತ್ತಲ ಕೆರೆಗಳಿಗೂ ಹೋಗುತ್ತವೆ. ಕೆಂಬರಲು ಮುಳುಗುವ ಹಕ್ಕಿಯಲ್ಲ. ಅದಕ್ಕೆ ಬೇಕಾದದ್ದು ಕಣಕಾಲು ಮುಳುಗುವಷ್ಟು ನೀರು, ಕೊಕ್ಕು ಇಳಿಯುವಷ್ಟು ಮೆತ್ತನೆಯ ಕೆಸರು. ಆಷಾಢ, ಶ್ರಾವಣದಲ್ಲಿ ಇಂಥ ಕೆಸರು ಸಿಗುವುದು ನಾಟಿಗೆ ಹದಮಾಡಿದ ಭತ್ತದ ಗದ್ದೆಯಲ್ಲಿ. ಟಿಲ್ಲರು ಮುಂದೆ ಹೋಗುತ್ತದೆ, ಹಕ್ಕಿ ಹಿಂದೆ ನಡೆಯುತ್ತದೆ. ಮಗುಚಿಬಿದ್ದ ಮಣ್ಣಿನಲ್ಲಿ ಹುಳ, ಕಪ್ಪೆ, ಏಡಿ, ಬಸವನಹುಳು. ನಾಟಿ ಮುಗಿದು ಸಸಿ ಎತ್ತರವಾಗುವವರೆಗೂ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಗೂಡಿನ ಮರಿಗಳಿಗೆ ಹಸಿವು ಹೆಚ್ಚಾಗಿರುವ ಕಾಲವೂ ಅದೇ. ರೈತ ನಾಟಿ ಮಾಡುವ ಲೆಕ್ಕಕ್ಕೂ ಹಕ್ಕಿ ಮೊಟ್ಟೆ ಇಡುವ ಲೆಕ್ಕಕ್ಕೂ ಮಳೆಯೇ ಪಂಚಾಂಗ. ಗುಡವಿ ಹಕ್ಕಿಗಳಿಗೆ ಮಲಗುವ ಕೋಣೆ, ಬಾಣಂತಿಕೋಣೆ. ಅಡುಗೆಮನೆ ಊರೂರಿನ ಅಚ್ಚುಕಟ್ಟಿನಲ್ಲಿದೆ. ನಾವು ಕೋಣೆಗೆ ಬೀಗ ಹಾಕಿ ಕಾವಲಿಟ್ಟಿದ್ದೇವೆ, ಅಡುಗೆಮನೆಯ ಗೊಡವೆಗೆ ಹೋಗಿಲ್ಲ.

ಇದೇ ತಪ್ಪನ್ನು ಮಾಡಿ, ತಡವಾಗಿಯಾದರೂ ತಿದ್ದಿಕೊಂಡ ಒಂದು ನಾಡು ಭೂಮಿಯ ಆಚೆ ಬದಿಯಲ್ಲಿದೆ. ಅಮೆರಿಕದ ನಡುಭಾಗದ ಹುಲ್ಲುಬಯಲು, ಪ್ರೇರಿ. ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಅಲ್ಲಿನ ಹಿಮರಾಶಿ ಕರಗಿ ಹಿಂದೆ ಸರಿದಾಗ, ಮಣ್ಣಿನಲ್ಲಿ ಹೂತುಕೊಂಡ ಮಂಜಿನ ಗಡ್ಡೆಗಳು ನಿಧಾನವಾಗಿ ಕರಗಿ ಲಕ್ಷಾಂತರ ಕುಳಿಗಳಾದವು. ಐಯೊವಾ, ಮಿನೆಸೊಟ, ಉತ್ತರ ಮತ್ತು ದಕ್ಷಿಣ ಡಕೋಟ, ಮೊಂಟಾನಾ ರಾಜ್ಯಗಳಲ್ಲೂ ಕೆನಡಾದ ಮೂರು ಪ್ರಾಂತಗಳಲ್ಲೂ ಈ ಕುಳಿಗೆರೆಗಳು ಹರಡಿವೆ. ಕೆಲವು ದೊಡ್ಡ ಸರೋವರಗಳು. ಬಹುಪಾಲು ನಮ್ಮ ಊರ ಕಟ್ಟೆಗಿಂತ ಚಿಕ್ಕವು, ವಸಂತದಲ್ಲಿ ಹಿಮ ಕರಗಿ ತುಂಬಿ, ಬೇಸಿಗೆಯಲ್ಲಿ ಒಣಗುವಂಥವು. ಉತ್ತರ ಅಮೆರಿಕದ ಬಾತುಗಳಲ್ಲಿ ಅರ್ಧಕ್ಕೂ ಹೆಚ್ಚು ಹುಟ್ಟುವುದು ಈ ಪ್ರದೇಶದಲ್ಲಿ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ ಉತ್ತರ ಏಷ್ಯಾದಿಂದ ಬರುವ ಸೂಜಿಬಾಲದ ಬಾತು, ಚಲುಕದ ಬಾತುಗಳದೇ ಜಾತಿ ಅಲ್ಲಿಯೂ ಮರಿ ಮಾಡುತ್ತದೆ.

ಬಿಳಿಯ ವಲಸಿಗರಿಗೆ ಆ ಕುಳಿಗಳು ಕಂಡದ್ದು ಹಾಳುನೆಲವಾಗಿ. ಜೌಗನ್ನು ಬಸಿದು ಉಳುಮೆಗೆ ತರಲು 1850ರಲ್ಲಿ ಕಾನೂನೇ ಆಯಿತು. ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆ ಹುಗಿದು ನೀರು ಬಸಿದರು. ಬಸಿದ ನೆಲದಲ್ಲಿ ಬೆಳೆದದ್ದು ಮುಸುಕಿನ ಜೋಳ. ಐಯೊವಾದಲ್ಲಿ ಮೂಲ ಜೌಗುನೆಲದ ಹತ್ತರಲ್ಲಿ ಒಂಬತ್ತು ಪಾಲು ಹೀಗೆ ಹೋಯಿತು, ಉತ್ತರ ಡಕೋಟದಲ್ಲಿ ಹತ್ತಿರ ಹತ್ತಿರ ಅರ್ಧ. 1930ರ ದಶಕದ ಬರ, ಧೂಳುಬಿರುಗಾಳಿಗಳ ಕಾಲಕ್ಕೆ ಬಾತುಗಳ ಸಂಖ್ಯೆ ಕುಸಿದಾಗ ಸರ್ಕಾರ ಎಚ್ಚೆತ್ತಿತು. 1934ರಲ್ಲಿ ಒಂದು ಕಾಯ್ದೆ ಬಂತು: ಬಾತು ಬೇಟೆಯಾಡುವ ಪ್ರತಿಯೊಬ್ಬರೂ ಒಂದು ಡಾಲರಿನ ಸ್ಟಾಂಪು ಕೊಳ್ಳಬೇಕು, ಆ ಹಣದಲ್ಲಿ ಹಕ್ಕಿಗಳಿಗೆ ನೆಲ ಕೊಳ್ಳಬೇಕು. ಮೊದಲ ಸ್ಟಾಂಪಿನ ಚಿತ್ರ ಬರೆದವರು ಡಿಂಗ್ ಡಾರ್ಲಿಂಗ್, ಐಯೊವಾದ ಪತ್ರಿಕೆಯೊಂದರ ವ್ಯಂಗ್ಯಚಿತ್ರಕಾರ. ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನೇ ವನ್ಯಜೀವಿ ಇಲಾಖೆಯ ಮುಖ್ಯಸ್ಥರನ್ನಾಗಿ ಕೂರಿಸಿದ್ದರು. ಆ ಸ್ಟಾಂಪಿನ ಹಣದಿಂದ ಈವರೆಗೆ 60 ಲಕ್ಷ ಎಕರೆಗೂ ಹೆಚ್ಚು ನೆಲ ಉಳಿದಿದೆ.

ನನ್ನ ಮನಸ್ಸು ನಿಲ್ಲುವುದು ಇದರ ಎರಡನೆಯ ಅಧ್ಯಾಯದ ಮೇಲೆ. ಮೊದಲು ದೊಡ್ಡ ಸರೋವರಗಳನ್ನು ಕೊಂಡು ಬೇಲಿ ಹಾಕಿದರು. ಬಾತು ಬೇಲಿಯ ಒಳಗಿನ ಹಕ್ಕಿಯಲ್ಲ ಎಂಬುದು ಆಮೇಲೆ ತಿಳಿಯಿತು. ಒಂದು ಜೋಡಿ ಬಾತು ಒಂದು ಕುಳಿಯಲ್ಲಿ ಮೇಯುತ್ತದೆ, ಇನ್ನೊಂದರಲ್ಲಿ ಏಕಾಂತಕ್ಕೆ ಹೋಗುತ್ತದೆ, ಮರಿಗಳನ್ನು ನಡೆಸಿಕೊಂಡು ಮತ್ತೊಂದಕ್ಕೆ ತೆರಳುತ್ತದೆ. ಜೋಳದ ಹೊಲದ ನಡುವಿನ ಚಿಕ್ಕ ಚಿಕ್ಕ ಕುಳಿಗಳೆಲ್ಲ ಉಳಿಯದಿದ್ದರೆ ದೊಡ್ಡ ಸರೋವರ ಉಳಿದೂ ಪ್ರಯೋಜನವಿಲ್ಲ. 1958ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಸಣ್ಣ ಜೌಗುಗಳ ಯೋಜನೆಯನ್ನು ಶುರುಮಾಡಿದರು. ಕೆಲವನ್ನು ಕೊಂಡರು. ಹಲವಕ್ಕೆ ರೈತನೊಡನೆ ಕರಾರು ಮಾಡಿಕೊಂಡರು: ಭೂಮಿ ನಿನ್ನದೇ, ಉಳು, ಒಣಗಿದಾಗ ಹುಲ್ಲು ಕೊಯ್ಯಿ; ಬಸಿಯಬೇಡ, ತುಂಬಬೇಡ, ಸುಡಬೇಡ; ಅದಕ್ಕೆ ಪ್ರತಿಯಾಗಿ ಈ ಹಣ. 1985ರ ಕೃಷಿ ಕಾಯ್ದೆ ಇನ್ನೊಂದು ಗಂಟು ಹಾಕಿತು: ಜೌಗು ಬಸಿದು ಬೆಳೆ ಇಟ್ಟವನಿಗೆ ಸರ್ಕಾರದ ಕೃಷಿ ನೆರವು ಇಲ್ಲ.

ಕೆರೆಯನ್ನು ಕಾಯುವವನಿಗೆ ಕೊಡುವುದು ನಮಗೆ ಹೊಸ ವಿಚಾರವೇ? ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂದು ಶಾಸನಗಳಲ್ಲಿ ಬರುವ ದತ್ತಿಗಳೆಲ್ಲ ಅದೇ ಜಾಡಿನವು. ಕೆರೆ ಕಟ್ಟಿದವನಿಗೆ, ಹೂಳೆತ್ತಿದವನಿಗೆ, ಏರಿ ದುರಸ್ತಿ ಮಾಡಿದವನಿಗೆ ಕೆರೆಯ ಕೆಳಗಿನ ಭೂಮಿಯ ಒಂದು ಪಾಲು, ಬೆಳೆಯ ಒಂದು ಪಾಲು. ತೂಬು ತೆಗೆದು ಹಾಕುವ ನೀರಗಂಟಿಗೆ ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಕಾಳು. ಸರ್ಕಾರ ಕೆರೆಯನ್ನು ತನ್ನ ಇಲಾಖೆಗಳ ಕೈಗೆ ತೆಗೆದುಕೊಂಡ ಮೇಲೆ ಈ ಋಣದ ಸರಪಣಿ ಕಡಿಯಿತು. ಈಗ ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಆ ಕೆರೆ ಪಂಚಾಯತ್ ವ್ಯವಸ್ಥೆಯದು, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಯದು. ಪಕ್ಷಿಧಾಮ ಅರಣ್ಯ ಇಲಾಖೆಯದು. ಕೆರೆಯ ಮೀನಿಗೆ ಇನ್ನೊಂದು ಕಚೇರಿ. ಒಂದೇ ನೀರು ಇಳಿದುಬರುವ ಒಂದೇ ಸಾಲಿನ ಕೆರೆಗಳು ಕಡತಗಳಲ್ಲಿ ಮೂರು ನಾಲ್ಕು ಮನೆತನದವಾಗಿವೆ.

ಕಾನೂನಿನ ಮಾತು ಇನ್ನೂ ವಿಚಿತ್ರ. 1971ರ ರಾಮ್ಸಾರ್ ಒಪ್ಪಂದ ಸಹಜವೋ ಮನುಷ್ಯ ನಿರ್ಮಿತವೋ, ಕಾಯಮ್ಮೋ ತಾತ್ಕಾಲಿಕವೋ ಎಂದು ನೋಡದೆ ಎಲ್ಲ ಜೌಗುನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೆ ಸಹಿ ಹಾಕಿದ ನಮ್ಮ ದೇಶದ 2017ರ ಜೌಗುಪ್ರದೇಶ ಸಂರಕ್ಷಣಾ ನಿಯಮಗಳು ಭತ್ತದ ಗದ್ದೆಯನ್ನು ಹೊರಗಿಟ್ಟಿವೆ. ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಕೆರೆಗಳನ್ನೂ ಹೊರಗಿಟ್ಟಿವೆ. ಸೊರಬ, ಶಿಕಾರಿಪುರದಲ್ಲಿ ಮನುಷ್ಯರು ಕಟ್ಟದ ಕೆರೆ ಯಾವುದಿದೆ? ಕದಂಬರ ಕಾಲದಿಂದ ಹೊತ್ತು ಹಾಕಿದ ಮಣ್ಣು ಅಷ್ಟೂ ಈ ವ್ಯಾಖ್ಯೆಯ ಆಚೆ ನಿಲ್ಲುತ್ತದೆ. ಕೆಂಬರಲು ಉಣ್ಣುವ ಗದ್ದೆಯೂ ಇಲ್ಲ, ನೀರುಕಾಗೆ ಮೀನು ಹಿಡಿಯುವ ಪಕ್ಕದೂರ ಕೆರೆಯೂ ಇಲ್ಲ. ಅಮೆರಿಕವೂ ಇಂಥದೇ ಕುಣಿಕೆಗೆ ಸಿಕ್ಕಿಕೊಂಡಿದೆ. ದೊಡ್ಡ ನೀರಿಗೆ ಮೇಲ್ನೋಟದಲ್ಲೇ ಕೂಡಿಕೊಂಡಿರುವ ಜೌಗಿಗೆ ಮಾತ್ರ ಶುದ್ಧನೀರಿನ ಕಾಯ್ದೆಯ ರಕ್ಷಣೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿರುವುದೇ ಕುಳಿಗೆರೆಗಳ ಸ್ವಭಾವ.

ನಿಯಮಗಳ ಮಾತು ಸಾಕು. ಬೇಸಿಗೆಯಲ್ಲಿ ಈ ಸೀಮೆಯ ಕೆರೆ ಹೇಗಿರುತ್ತದೆ ಎಂಬುದನ್ನು ಹೇಳದೆ ಈ ಲೇಖನ ಮುಂದೆ ಹೋಗಲಾರದು.

ಬೇಸಿಗೆ ಬಲಿತು ಕೆರೆಯ ನೀರು ಮೊಣಕಾಲಿಗಿಳಿದಾಗ ಊರಿನವರು ಸೇರಿ ಒಂದು ದಿನ ಗೊತ್ತುಮಾಡುತ್ತಾರೆ. ಕೆರೆಬೇಟೆ. ಸುದ್ದಿ ಹತ್ತೂರಿಗೆ ಹರಡುತ್ತದೆ. ಬೈಕುಗಳ ಮೇಲೆ, ಟೆಂಪೋಗಳಲ್ಲಿ ಜನ ಬಂದು ಏರಿಯ ಮೇಲೆ ಸಾಲುಗಟ್ಟುತ್ತಾರೆ, ಪ್ರತಿಯೊಬ್ಬನ ಕೈಯಲ್ಲೂ ಒಂದು ಕೂಣಿ. ಬಿದಿರಿನ ಕಡ್ಡಿಗಳಿಂದ ಹೆಣೆದ, ಕೆಳಗೆ ಅಗಲವಾಗಿ ಮೇಲೆ ಕಿರಿದಾದ, ಎರಡೂ ತುದಿ ತೆರೆದಿರುವ ಬುಟ್ಟಿ ಅದು. ಒಂದು ಕೂಣಿಗೆ ಇಷ್ಟೆಂದು ಊರಿನವರು ಹಣ ವಸೂಲಿ ಮಾಡುತ್ತಾರೆ. ಅದು ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತದೆ. ಪೂಜೆಯಾಗುತ್ತದೆ. ಅಪ್ಪಣೆ ಸಿಗುವವರೆಗೆ ಯಾರೂ ನೀರಿಗೆ ಕಾಲಿಡುವಂತಿಲ್ಲ. ಸೂಚನೆ ಬಿದ್ದದ್ದೇ ತಡ ನೂರಾರು ಜನ ಒಟ್ಟಿಗೆ ಏರಿ ಇಳಿದು ಓಡುತ್ತಾರೆ, ಕೆರೆ ಪೂರ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಕೂಣಿಯನ್ನು ನೀರಿನೊಳಗೆ ಬಲವಾಗಿ ಊರಬೇಕು, ಒಳಗೆ ಏನಾದರೂ ತಾಗಿ ಬಿದಿರು ನಡುಗಿತೋ ಎಂದು ಅಂಗೈಯಿಂದ ಗಮನಿಸಬೇಕು, ನಡುಗಿದರೆ ಮೇಲಿನ ಬಾಯಿಂದ ಕೈಬಿಟ್ಟು ತಡಕಬೇಕು. ಕುಚ್ಚು ಮೀನು ಸಿಕ್ಕರೆ ಭಾಗ್ಯ. ಮುರುಗೋಡು ಸಿಕ್ಕರೆ ಅದರ ಮುಳ್ಳಿನ ಬಗ್ಗೆ ಎಚ್ಚರವಿರಬೇಕು. ಹಿಡಿದ ಮೀನು ಸೊಂಟಕ್ಕೆ ಕಟ್ಟಿದ ಚೀಲಕ್ಕೆ. ಏನೂ ಸಿಗದವರು ಮೈತುಂಬ ಕೆಸರು ಮಾಡಿಕೊಂಡು ಉಳಿದವರಷ್ಟೇ ಖುಷಿಯಲ್ಲಿ ಮೇಲೆ ಬರುತ್ತಾರೆ. ಜನ ಹೋದ ಮೇಲೆ ಬೆಳ್ಳಕ್ಕಿಗಳೂ ಹದ್ದುಗಳೂ ಇಳಿಯುತ್ತವೆ. ಕಲಕಿದ ಕೆಸರಿನಲ್ಲಿ ಅವುಗಳಿಗೂ ಹಬ್ಬ. ಆಮೇಲೆ ಅಂಗಳ ಒಣಗಿ ಬಿರುಕು ಬಿಡುತ್ತದೆ. ರೈತರು ಗೋಡು ಮಣ್ಣು ತೆಗೆದು ಗದ್ದೆಗೆ, ತೋಟಕ್ಕೆ ಸಾಗಿಸುತ್ತಾರೆ.

ಕೆರೆಬೇಟೆಯನ್ನು ಹೊರಗಿನವರು ವಿಶಿಷ್ಟ ಜನಪದ ಕ್ರೀಡೆಯೆಂದು ಬಣ್ಣಿಸುವುದನ್ನು ಓದಿದ್ದೇನೆ. ನನಗದು ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವರ್ಷದಲ್ಲಿ ಒಂದು ದಿನ ಇಡೀ ಊರು ತನ್ನ ಕೆರೆಯ ತಳವನ್ನು ಕಾಲಿನಿಂದ ಮುಟ್ಟಿ ನೋಡುತ್ತದೆ. ಎಲ್ಲಿ ಹೂಳು ತುಂಬಿದೆ, ತೂಬಿನ ಬಾಯಿ ಎಲ್ಲಿ ಕಟ್ಟಿದೆ, ಯಾರ ತೋಟದ ಬೇಲಿ ಅಂಗಳದೊಳಗೆ ಎಷ್ಟು ಬಂದಿದೆ ಎಂಬುದೆಲ್ಲ ಅಂದು ನೂರಾರು ಕಣ್ಣಿಗೆ ಬೀಳುತ್ತದೆ. ಇಂಥ ಸರ್ವೆಯನ್ನು ಯಾವ ಇಲಾಖೆಯೂ ಮಾಡಿಸಲಾರದು. ಮತ್ತೆ, ಒಣಗುವುದೂ ಕೆರೆಯ ಆರೋಗ್ಯವೇ. ಡಕೋಟದ ಕುಳಿಗೆರೆಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು ಹೇಳುವುದೂ ಅದನ್ನೇ. ತಳ ಆಗಾಗ ಗಾಳಿ ಬಿಸಿಲಿಗೆ ತೆರೆದುಕೊಂಡರೆ ಕೊಳೆತ ಸೊಪ್ಪುಸದೆ ಮಣ್ಣಿಗೆ ಸಾರವಾಗುತ್ತದೆ, ಹುದುಗಿದ ಬೀಜಗಳು ಮೊಳೆಯುತ್ತವೆ, ಮುಂದಿನ ನೀರಿಗೆ ಹುಳಹುಪ್ಪಟೆ ಹುಲುಸಾಗಿ ಹುಟ್ಟಿ ಬಾತಿನ ಮರಿಗಳಿಗೆ ಮೇವಾಗುತ್ತವೆ. ಸದಾ ತುಂಬಿರುವ ಕುಳಿಗಿಂತ ತುಂಬಿ ಬತ್ತುವ ಕುಳಿಯಲ್ಲೇ ಜೀವ ಹೆಚ್ಚು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಈಗ ಏತ ನೀರಾವರಿಯ ಕಾಲ. ತುಂಗಭದ್ರೆಯಿಂದ ನೀರೆತ್ತಿ ಶಿಕಾರಿಪುರದ ಕೆರೆಗಳನ್ನು ತುಂಬಿಸುವ ಉಡುಗಣಿ, ತಾಳಗುಂದ, ಹೊಸೂರು ಯೋಜನೆ ಬಂದಿದೆ. ಸೊರಬದಲ್ಲಿ ವರದೆಯ ನೀರೆತ್ತುವ ಮೂಡಿ ಯೋಜನೆ ಇದೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲಕ್ಕೆ ಬಿದ್ದವರ ಊರಿನಲ್ಲಿ ಕೆರೆ ತುಂಬಿದ ದಿನ ಬಾಗಿನ ಬಿಡಲು ಹೆಂಗಸರು ಏರಿಗೆ ಬರುವ ಸಡಗರವನ್ನು ಯಾರು ಬೇಡವೆಂದಾರು? ನೀರು ಬರಲಿ. ಆದರೆ ವರ್ಷವಿಡೀ ಅಂಚಿನವರೆಗೆ ತುಂಬಿಟ್ಟ ಕೆರೆಗೆ ಕೆಸರಂಚು ಇರುವುದಿಲ್ಲ, ಹೂಳು ತೆಗೆಯಲು ಹೊತ್ತು ಸಿಗುವುದಿಲ್ಲ, ನೀರಲ್ಲಿ ನಿಂತ ಮರದ ಬೇರು ಉಸಿರಾಡುವುದಿಲ್ಲ. ಪಂಪು ಓಡಿಸುವ ವೇಳಾಪಟ್ಟಿ ಬರೆಯುವಾಗ, ಸಾಲಿನಲ್ಲಿ ಒಂದಿಷ್ಟು ಕೆರೆಗಳಿಗೆ ಸರದಿಯ ಮೇಲೆ ಒಂದೆರಡು ತಿಂಗಳು ಬತ್ತುವ ರಜೆ ಕೊಡುವುದು ಕಷ್ಟವಲ್ಲ. ಕೆರೆಬೇಟೆಯ ದಿನ ಗೊತ್ತುಮಾಡುವ ಹಿರಿಯರನ್ನು ಕೇಳಿದರೆ ಯಾವ ಕೆರೆಗೆ ಯಾವಾಗ ಎಂದು ಅವರೇ ಹೇಳುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಗದ್ದೆಯೇ ಕಾಣೆಯಾಗುತ್ತಿರುವುದು. ಶಿಕಾರಿಪುರದ ಕಡೆ ಖುಷ್ಕಿಯಲ್ಲೆಲ್ಲ ಮುಸುಕಿನ ಜೋಳ ಬಂದು ಬಹಳ ವರ್ಷವಾಯಿತು. ಐಯೊವಾದ ಕುಳಿಗಳನ್ನು ನುಂಗಿದ ಬೆಳೆಯೇ. ಸೊರಬದಲ್ಲಿ ಶುಂಠಿ, ಅನಾನಸ್. ಎರಡೂ ಕಡೆ ಈಗ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಅಡಿಕೆ ಗಿಡದ ಬುಡದಲ್ಲಿ ನೀರು ನಿಲ್ಲಬಾರದು, ಆದ್ದರಿಂದ ಮೊದಲ ಕೆಲಸ ಬಸಿಗಾಲುವೆ ತೋಡುವುದು. ನೂರಾರು ವರ್ಷ ನೀರು ನಿಲ್ಲಿಸಲೆಂದು ಮಟ್ಟ ಮಾಡಿದ ನೆಲದಿಂದ ನೀರನ್ನು ಓಡಿಸುವ ಕೆಲಸ. ಒಬ್ಬ ತೋಟ ಹಾಕಿದರೆ ಪಕ್ಕದವನ ಗದ್ದೆಗೆ ನೀರಿನ ದಾರಿ ತಪ್ಪುತ್ತದೆ, ನೆರಳು ಬೀಳುತ್ತದೆ, ಅವನೂ ತೋಟ ಹಾಕುತ್ತಾನೆ. ಅವನನ್ನು ದೂರುವುದು ನನ್ನಿಂದಾಗದು. ಭತ್ತದ ಲೆಕ್ಕ ಬಲ್ಲವರಾರೂ ದೂರಲಾರರು. ಆಳು ಸಿಗುವುದಿಲ್ಲ, ಗೊಬ್ಬರದ ಬೆಲೆ ಏರಿದೆ, ಕೊಯ್ಲಿನ ಹೊತ್ತಿಗೆ ದರ ಬೀಳುತ್ತದೆ. ಅಡಿಕೆ ಮಗಳ ಮದುವೆ ಮಾಡುತ್ತದೆ, ಮಗನನ್ನು ಓದಿಸುತ್ತದೆ. ಹಕ್ಕಿಗಾಗಿ ಭತ್ತ ಬೆಳೆ ಎಂದು ಅವನಿಗೆ ಉಪದೇಶ ಮಾಡುವ ಹಕ್ಕು ಪೇಟೆಯ ನಮಗಿಲ್ಲ.

ಆದ್ದರಿಂದಲೇ ಡಕೋಟದ ಕರಾರು ನನಗೆ ಮುಖ್ಯವಾಗಿ ಕಾಣುವುದು. ಗುಡವಿಯ ಸುತ್ತ ಹಕ್ಕಿ ಹಾರಿ ಮೇಯುವಷ್ಟು ದೂರದ ಅಚ್ಚುಕಟ್ಟುಗಳಲ್ಲಿ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡು ನಾಟಿ ಮಾಡುವ ರೈತನಿಗೆ ಎಕರೆಗಿಷ್ಟೆಂದು ವರ್ಷ ವರ್ಷ ಕೊಡಲಿ. ಭೂಮಿ ಅವನದೇ, ಬೆಳೆ ಅವನದೇ. ನಿಂತ ನೀರಿನಿಂದ ಅವನು ಅಂತರ್ಜಲ ತುಂಬುತ್ತಾನೆ, ಕೆಳಗಿನ ಕೆರೆಗೆ ನೀರು ಬಸಿದುಕೊಡುತ್ತಾನೆ, ಕೆಂಬರಲಿನ ಮರಿಗೆ ಉಣಿಸುತ್ತಾನೆ. ಈ ಮೂರು ಕೆಲಸಕ್ಕೆ ಇವತ್ತಿನವರೆಗೆ ಅವನಿಗೆ ಯಾರೂ ಕೂಲಿ ಕೊಟ್ಟಿಲ್ಲ.

ಪಕ್ಷಿಧಾಮದ ಆಚೆಯ ಕೆರೆಗಳನ್ನು ಕಾಯಲು ಕಾನೂನಿನಲ್ಲಿ ಎಡೆಯೇ ಇಲ್ಲವೆಂದೇನೂ ಅಲ್ಲ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೂಡ ನೀರಾವರಿಗೆಂದು ಕಟ್ಟಿದ ಕೆರೆಯೇ. ಊರಿನವರು ಹಕ್ಕಿಗಳ ಪರ ನಿಂತರು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಗಲೋ ಇರುಳೋ ಸುತ್ತಲ ಹೊಲಗಳಲ್ಲಿ ಮೇಯುತ್ತವೆ. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆಯೊಂದಿಗೆ ಈ ಎರಡು ಕೆರೆಗಳೂ ರಾಮ್ಸಾರ್ ಪಟ್ಟಿಗೆ ಸೇರಿದವು. ಅಲ್ಲಿಯವರೆಗೆ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದುದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ.

ಅಂಕಸಮುದ್ರಕ್ಕೆ ದಾರಿ ಮಾಡಿದ್ದು ವನ್ಯಜೀವಿ ಕಾಯ್ದೆಯ 36ಎ ವಿಧಿ. ಪಕ್ಷಿಧಾಮಕ್ಕೆ ಹೊಂದಿಕೊಂಡಿರುವ ಸರ್ಕಾರಿ ನೆಲವನ್ನು, ಸ್ಥಳೀಯರೊಡನೆ ಸಮಾಲೋಚಿಸಿ, ಸಂರಕ್ಷಣಾ ಮೀಸಲು ಎಂದು ಸಾರಲು ಅದು ಅವಕಾಶ ಕೊಡುತ್ತದೆ. ಗುಡವಿಯ ಮೇಲಿನ, ಕೆಳಗಿನ ಕೆರೆಗಳ ಅಂಗಳ ಸರ್ಕಾರಿ ನೆಲವೇ. ಮೀಸಲಿಗೆ ಸಲಹೆ ಕೊಡಲು ರಚಿಸುವ ಸಮಿತಿಯಲ್ಲಿ ಆ ಪ್ರದೇಶ ಬರುವ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಸ್ಥಾನ ಇರಲೇಬೇಕು, ಕೃಷಿ ಇಲಾಖೆಗೂ ಒಂದು. ಅರಣ್ಯ ಇಲಾಖೆಯವರ ಪಕ್ಕದಲ್ಲಿ ಕೂತು ತೂಬು ಯಾವಾಗ ತೆಗೆಯಬೇಕು, ಕೆರೆಬೇಟೆ ಯಾವ ಕೆರೆಯಲ್ಲಿ, ಗೋಡು ಯಾರ ಗದ್ದೆಗೆ ಎಂದು ಊರಿನವರು ಅಧಿಕಾರದಿಂದ ಮಾತಾಡಬಹುದಾದ ಜಾಗ ಅದು. ಸೊರಬ ತಾಲ್ಲೂಕಿನ ಗ್ರಾಮಸಭೆಗಳು ಮುಂದಿನ ಮಳೆಗಾಲಕ್ಕೆ ಮೊದಲು ಇಂಥದೊಂದು ಮೀಸಲು ಬೇಕೆಂದು ಠರಾವು ಮಾಡಿ ಜಿಲ್ಲಾಡಳಿತಕ್ಕೆ ಕಳಿಸಲಿ; ಠರಾವಿನ ಜೊತೆ ತಮ್ಮೂರಿನ ಸಾಲುಗೆರೆಗಳ ಹೆಸರನ್ನು ಕಾನಿನ ಬುಡದಿಂದ ಹೊಳೆಯವರೆಗೆ ಒಂದೂ ಬಿಡದೆ ಬರೆದು ಲಗತ್ತಿಸಲಿ.